ಬೋಯಾ ನಿರ್ವಹಣೆಯ ತಂತ್ರಾಂಶ: ಸ್ಥಾನ ಬೇರೆ, ಸಾಮಾನು ಬೇರೆ

ಹಡಗುಗಳಿಗೆ ದಾರಿ ತೋರಲು ಸರಪಳಿಯಿಂದ ತಳಕ್ಕೆ ಕಟ್ಟಿ ನೀರಿನಲ್ಲಿ ತೇಲಿಬಿಡುವ ಗುರುತೇ ಬೋಯಾ. ನಮ್ಮ ಬೋಯಾಗಳ ಲೆಕ್ಕ ಮೊದಲು ಎಕ್ಸೆಲ್ ಹಾಳೆಯಲ್ಲಿತ್ತು, ಬೋಯಾಗೊಂದು ಸಾಲಿನಂತೆ. ಹೆಸರು, ಅಕ್ಷಾಂಶ, ರೇಖಾಂಶ, ದೀಪದ ಲಯ (ಎಷ್ಟು ಸಲ, ಎಷ್ಟು ಹೊತ್ತಿಗೊಮ್ಮೆ ಮಿನುಗುತ್ತದೆ ಎಂಬುದು), ಸರಪಳಿ ಹಾಕಿದ ದಿನ, ಬ್ಯಾಟರಿ ಬದಲಿಸಿದ ದಿನ. ಒಂದು ಬೋಯಾವನ್ನು ಬಣ್ಣ ಬಳಿಯಲೆಂದು ಮೇಲೆತ್ತಿ, ಅದರ ಜಾಗದಲ್ಲಿ ಬೇರೊಂದನ್ನು ಬಿಡುವ ತನಕ ಇದು ಚೆನ್ನಾಗೇ ನಡೆಯುತ್ತದೆ. ಆಮೇಲೆ ಆ ಸಾಲಿನ ಅರ್ಧ ದಿನಾಂಕಗಳು ಯಾರ್ಡಿನಲ್ಲಿ ಮಲಗಿರುವ ಬೋಯಾದ್ದು, ಇನ್ನರ್ಧ ನೀರಿನಲ್ಲಿರುವುದರದ್ದು. ತಂತ್ರಾಂಶ ಬರೆಯಲು ಕೂತಾಗ ಮೊದಲು ಬಿಡಿಸಿದ್ದು ಈ ಗಂಟನ್ನೇ.

ಸ್ಥಾನ ಎಂದರೆ ನಕ್ಷೆಯಲ್ಲಿ ಅಚ್ಚಾಗಿರುವ ಗುರುತು. ಹೆಸರು, ಜಾಗ, ಬಣ್ಣ, ಟಾಪ್‌ಮಾರ್ಕ್ (ತುದಿಯಲ್ಲಿ ಕೂರಿಸಿದ ಗುರುತಿನ ಆಕಾರ), ದೀಪದ ಲಯ ಎಲ್ಲವೂ ಅದಕ್ಕೆ ಸೇರಿದ್ದು. ಸಾಮಾನು ಎಂದರೆ ಬೋಯಾದ ಒಡಲು, ಲ್ಯಾಂಟರ್ನ್, ಬ್ಯಾಟರಿ, ಸೋಲಾರ್ ಫಲಕ, ಎಐಎಸ್ ಯಂತ್ರ (ಬೋಯಾದ ಗುರುತು, ಜಾಗವನ್ನು ರೇಡಿಯೋದಲ್ಲಿ ಹಡಗುಗಳಿಗೆ ತಾನಾಗಿ ಸಾರುವಂಥದ್ದು), ಸರಪಳಿಯ ತುಂಡುಗಳು, ಬೋಯಾವನ್ನು ಹಿಡಿದಿಡುವ ತಳದ ಕಾಂಕ್ರೀಟ್ ತೂಕವಾದ ಸಿಂಕರ್. ಒಂದೊಂದಕ್ಕೂ ತನ್ನದೇ ಕ್ರಮಸಂಖ್ಯೆ. ಇವೆರಡರ ನಡುವೆ ಮೂರನೆಯದು ಜೋಡಣೆಯ ಪಟ್ಟಿ: ಯಾವ ಸಾಮಾನು, ಯಾವ ಸ್ಥಾನದಲ್ಲಿ, ಎಂದಿನಿಂದ ಎಂದಿನವರೆಗೆ. ‘ಎಂದಿನವರೆಗೆ’ ಖಾಲಿ ಇದ್ದರೆ ಅದು ಇನ್ನೂ ಅಲ್ಲೇ ಇದೆ. ಒಂದೇ ಕ್ರಮಸಂಖ್ಯೆಗೆ ಎರಡು ಖಾಲಿ ಸಾಲು ಇರಕೂಡದು ಎಂಬ ನಿರ್ಬಂಧವನ್ನು ಪರದೆಯಲ್ಲಲ್ಲ, ಡೇಟಾಬೇಸಿನಲ್ಲೇ ಹಾಕಬೇಕು. ಪರದೆಯಲ್ಲಿ ಹಾಕಿದ್ದನ್ನು ಹಳೆಯ ಎಕ್ಸೆಲ್ ಆಮದು ಮಾಡುವಾಗ ಯಾರಾದರೂ ದಾಟಿಯೇ ದಾಟುತ್ತಾರೆ.

ಎಐಎಸ್ ತನ್ನನ್ನು ಗುರುತಿಸಿಕೊಳ್ಳಲು ಸಾರುವ ಎಂಎಂಎಸ್‌ಐ ಸಂಖ್ಯೆ ಯಾರದ್ದು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಅದು ಯಂತ್ರದ್ದಲ್ಲ, ಸ್ಥಾನದ್ದು. ಯಂತ್ರ ಬದಲಾದರೆ ಹೊಸ ಯಂತ್ರಕ್ಕೆ ಅದೇ ಸಂಖ್ಯೆ ತುಂಬಬೇಕು, ಹಳೆಯದರಿಂದ ಅಳಿಸಬೇಕು. ಅಳಿಸದ ಯಂತ್ರವನ್ನು ಯಾರ್ಡಿನಲ್ಲಿ ಪರೀಕ್ಷೆಗೆಂದು ಚಾಲೂ ಮಾಡಿದರೆ ಹಡಗುಗಳ ಪರದೆಯಲ್ಲಿ ಬೋಯಾ ಒಮ್ಮೆ ಕಾಲುವೆಯಲ್ಲಿ, ಒಮ್ಮೆ ಗೋದಾಮಿನಲ್ಲಿ ಕಾಣುತ್ತದೆ. ಸಂಖ್ಯೆಯ ತಪಾಸಣೆ ಸುಲಭ: ಒಂಬತ್ತು ಅಂಕಿ, ಮೊದಲೆರಡು 99, ನಂತರದ ಮೂರು ದೇಶದ ಸಂಕೇತ, ಆರನೆಯ ಅಂಕಿ ನೀರಿನಲ್ಲಿ ನಿಜವಾಗಿ ಇರುವ ಗುರುತಿಗೆ 1, ಪರದೆಯಲ್ಲಿ ಮಾತ್ರ ಕಾಣುವ ವರ್ಚುವಲ್ ಗುರುತಿಗೆ 6.

ದೀಪದ ಲಯವನ್ನು ಒಂದೇ ಸಾಲಿನ ಪಠ್ಯವಾಗಿ ಇಡಬೇಡಿ. ಬಗೆ, ಗುಂಪಿನ ಎಣಿಕೆ, ಬಣ್ಣ, ಆವರ್ತ ಎಂದು ಒಡೆದಿಟ್ಟರೆ ತಂತ್ರಾಂಶವೇ ತಪ್ಪು ಹಿಡಿಯುತ್ತದೆ. ಅಪಾಯದ ಯಾವ ದಿಕ್ಕಿನಲ್ಲಿ ಹಾಯಬೇಕೆಂದು ಹೇಳುವ ಕಾರ್ಡಿನಲ್ ಗುರುತುಗಳಲ್ಲಿ ಪೂರ್ವದ್ದಕ್ಕೆ 3 ಮಿನುಗು, ಪಶ್ಚಿಮಕ್ಕೆ 9, ದಕ್ಷಿಣಕ್ಕೆ 6 ಮಿನುಗಿನ ಹಿಂದೆಯೇ ಒಂದು ಉದ್ದ ಮಿನುಗು, ಉತ್ತರಕ್ಕೆ ಬಿಡುವಿಲ್ಲದೆ. ಗಡಿಯಾರದ ಮುಖ ನೆನಪಿದ್ದರೆ ಸಾಕು. ಹಾಗಿದ್ದರೂ ದಾಸ್ತಾನಿನಿಂದ ತಂದ ಲ್ಯಾಂಟರ್ನ್‌ನಲ್ಲಿ ಹಿಂದಿನ ಸ್ಥಾನದ ಲಯ ಉಳಿದುಕೊಂಡಿರುವುದು ಆಗಾಗ ಆಗುತ್ತದೆ. ಆದ್ದರಿಂದ ಡೆಕ್ಕಿನ ಮೇಲೆ ಬೆಳಕಿನ ಸಂವೇದಕಕ್ಕೆ ಕಪ್ಪು ಬಟ್ಟೆ ಮುಚ್ಚಿ, ಸ್ಟಾಪ್‌ವಾಚಿನಲ್ಲಿ ಹತ್ತು ಆವರ್ತ ಅಳೆಯುವುದು ಕಡ್ಡಾಯ. 15 ಸೆಕೆಂಡಿನ ಲಯವಾದರೆ 150 ಸೆಕೆಂಡು ಬರಬೇಕು. ಅಳೆದದ್ದನ್ನು ತುಂಬುವ ತನಕ ಫಾರ್ಮಿನಲ್ಲಿ ಸರಿಯುತ್ತರ ಕಾಣದಂತೆ ಮಾಡಿದ್ದೇವೆ. ಕಂಡರೆ ಯಾರೂ ಅಳೆಯುವುದಿಲ್ಲ, 150 ಎಂದೇ ಬರೆಯುತ್ತಾರೆ.

ಜಾಗದ ಅಂಕಿ ಇನ್ನೂ ಅಪಾಯದ್ದು. ನಾವಿಕರು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಬರೆಯುತ್ತಾರೆ, ಡೇಟಾಬೇಸು ದಶಮಾಂಶ ಡಿಗ್ರಿ ಕೇಳುತ್ತದೆ. 10 ಡಿಗ್ರಿ 30.500 ನಿಮಿಷ ಎಂದರೆ 10.5083 ಡಿಗ್ರಿ. ಅವಸರದಲ್ಲಿ 10.3050 ಎಂದು ತುಂಬಿದರೆ ಬೋಯಾ 12 ನಾಟಿಕಲ್ ಮೈಲಿ ಸರಿದು ಕೂರುತ್ತದೆ. ಡಿಗ್ರಿಗೊಂದು, ನಿಮಿಷಕ್ಕೊಂದು ಪ್ರತ್ಯೇಕ ಚೌಕ ಕೊಟ್ಟು, ನಿಮಿಷಕ್ಕೆ ಮೂರು ದಶಮಾಂಶ ಕೇಳಿದರೆ ಸಾಕು. ಮೂರನೆಯ ದಶಮಾಂಶದ ಒಂದು ಅಂಕಿ ಅಕ್ಷಾಂಶದಲ್ಲಿ 1.85 ಮೀಟರ್. ಸಿಂಕರ್ ಬಿಡುವಾಗ ಜಿಪಿಎಸ್ ಆಂಟೆನಾ ಕ್ಯಾಬಿನ್ನಿನ ಮೇಲಿರುತ್ತದೆ, ಸಿಂಕರ್ ಬೀಳುವುದು ಕ್ರೇನಿನ ತುದಿಯಿಂದ. ನಡುವಿನ ಹದಿನೈದು ಮೀಟರನ್ನು ಹಡಗಿನ ಮುಖದ ದಿಕ್ಕಿಗೆ ತಕ್ಕಂತೆ ತಂತ್ರಾಂಶವೇ ಕಳೆಯಲಿ, ಕೈಲೆಕ್ಕ ಬೇಡ.

ಇನ್ನು ಎಚ್ಚರಿಕೆಯ ವೃತ್ತ, ಅಂದರೆ ಬೋಯಾ ದಾಟಿದರೆ ತಂತ್ರಾಂಶ ಎಚ್ಚರಿಸಬೇಕಾದ ಗಡಿ. ಬೋಯಾ ಒಂದೆಡೆ ನಿಲ್ಲುವುದಿಲ್ಲ, ಸಿಂಕರ್ ಸುತ್ತ ತಿರುಗುತ್ತಿರುತ್ತದೆ. ಸರಪಳಿ ಪೂರ್ತಿ ಬಿಗಿದಾಗ ಅದು ಹೋಗಬಹುದಾದ ದೂರ ಸರಪಳಿಯ ಉದ್ದದ ವರ್ಗದಿಂದ ಆಳದ ವರ್ಗ ಕಳೆದು ತೆಗೆದ ವರ್ಗಮೂಲ. 36 ಮೀಟರ್ ಸರಪಳಿ, ಭರತದಲ್ಲಿ 12 ಮೀಟರ್ ನೀರು: 33.9 ಮೀಟರ್. ಇಳಿತದಲ್ಲಿ 8 ಮೀಟರ್ ನೀರು: 35.1. ನೀರು ಕಡಿಮೆಯಾದಷ್ಟೂ ವೃತ್ತ ದೊಡ್ಡದು, ಹಾಗಾಗಿ ಲೆಕ್ಕ ಇಳಿತದ್ದನ್ನೇ ಹಿಡಿಯಬೇಕು. ಅದಕ್ಕೆ ಜಿಪಿಎಸ್ ದೋಷಕ್ಕೆ 10, ಸಿಂಕರ್ ಬಿದ್ದ ಜಾಗದ ಅಂದಾಜಿಗೆ 5 ಸೇರಿಸಿ 50 ಮೀಟರ್ ಇಟ್ಟೆವು. ಎಐಎಸ್‌ನಲ್ಲಿ ಇಂಥ ಗುರುತುಗಳಿಗೆಂದೇ ಇರುವ 21ನೇ ಬಗೆಯ ಸಂದೇಶ ಸಾಮಾನ್ಯವಾಗಿ 3 ನಿಮಿಷಕ್ಕೊಮ್ಮೆ ಬರುತ್ತದೆ. ಸಾಲಾಗಿ ಮೂರು ಸಂದೇಶ ಹೊರಗಿದ್ದರೆ ಮಾತ್ರ ಗಂಟೆ ಬಾರಿಸುತ್ತದೆ. 25 ಮೀಟರ್ ಇಟ್ಟಿದ್ದರೆ ಪ್ರತಿ ಇಳಿತಕ್ಕೂ ಗಂಟೆ, ವಾರದೊಳಗೆ ಪಾಳಿಯವರು ಶಬ್ದವನ್ನೇ ಆರಿಸಿಬಿಡುತ್ತಾರೆ. ವೃತ್ತ ದಾಟದೆಯೂ ಸಿಂಕರ್ ಜರುಗಬಹುದು. ಅದಕ್ಕೆ ತಿಂಗಳ ಎಲ್ಲ ಚುಕ್ಕೆಗಳನ್ನು ನಕ್ಷೆಯ ಮೇಲೆ ಹರಡಿ ನೋಡಬೇಕು: ಹಿಂದಿನ ತಿಂಗಳ ಚುಕ್ಕೆಗಳ ಗುಂಪಿಗಿಂತ ಈ ತಿಂಗಳದ್ದು ಇಡಿಯಾಗಿ ಒಂದು ಕಡೆ ವಾಲಿದ್ದರೆ ತಳ ಜಾರಿದೆ.

ಎಐಎಸ್‌ನ ಅದೇ 21ನೇ ಸಂದೇಶದಲ್ಲಿ ಎಂಟು ಬಿಟ್‌ಗಳ ಸ್ಥಿತಿ ಬರುತ್ತದೆ. ಮೊದಲ ಮೂರು 111 ಆಗಿದ್ದರೆ ಮಾತ್ರ ಮುಂದಿನ ಐದಕ್ಕೆ ರೇಕಾನ್ (ಹಡಗಿನ ರೇಡಾರಿಗೆ ಉತ್ತರಿಸುವ ಯಂತ್ರ), ದೀಪ, ಆರೋಗ್ಯ ಎಂಬ ಅರ್ಥ, ಇಲ್ಲದಿದ್ದರೆ ಓದಲೇಬೇಡಿ. ‘ದೀಪ ಆರಿದೆ’ ಎಂಬ ಸಂಕೇತ ಮಧ್ಯಾಹ್ನ ಬಂದರೆ ಅದು ಸರಿಯೇ, ರಾತ್ರಿ ಬಂದರೆ ದೋಷ. ಸೂರ್ಯಾಸ್ತವನ್ನು ಸ್ಥಾನದ ಅಕ್ಷಾಂಶ ರೇಖಾಂಶದಿಂದ ಲೆಕ್ಕ ಹಾಕಿ, ಸಮಯವನ್ನೆಲ್ಲ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಸಮಯ) ಇಡಿ. ಸುದ್ದಿಯೇ ಬರದಿದ್ದರೆ ‘ಗೊತ್ತಿಲ್ಲ’ ಎಂಬ ಮೂರನೆಯ ಸ್ಥಿತಿ ಇರಲಿ. ಮೌನವನ್ನು ‘ದೀಪ ಆರಿದೆ’ ಎಂದು ಓದಿ ದೋಣಿ ಕಳಿಸಿದರೆ ಡೀಸೆಲ್ ದಂಡ. ಬ್ಯಾಟರಿಯ ವೋಲ್ಟೇಜನ್ನು ಹಗಲಲ್ಲಿ ನೋಡಿ ಪ್ರಯೋಜನವಿಲ್ಲ, ಬಿಸಿಲಿಗೆ ಎಲ್ಲವೂ ಚೆನ್ನಾಗೇ ಕಾಣುತ್ತವೆ. ಬೆಳಗಾಗುವ ಮುಂಚಿನ ಅಂಕಿಯೊಂದನ್ನೇ ದಿನಕ್ಕೊಂದರಂತೆ ಗೆರೆ ಎಳೆದರೆ, ಫಲಕದ ಮೇಲೆ ಹಕ್ಕಿಯ ಹಿಕ್ಕೆ ಕೂತದ್ದು ಕೂಡ ವಾರಗಳ ಮೊದಲೇ ಕಾಣುತ್ತದೆ.

ಸರಪಳಿ ಸವೆಯುವುದು ಎಲ್ಲ ಕಡೆ ಒಂದೇ ಸಮನಲ್ಲ. ತಳಕ್ಕೆ ತಾಗಿ ಏಳುತ್ತ ಬೀಳುತ್ತ ಇರುವ ಭಾಗ ಬೇಗ ತೆಳುವಾಗುತ್ತದೆ. ಹಾಗಾಗಿ ಮೇಲಿನದು, ನಡುವಿನದು, ತಳದ್ದು ಎಂದು ಮೂರು ತುಂಡಿಗೂ ಬೇರೆ ಬೇರೆ ದಾಖಲೆ. ಸರಪಳಿಯನ್ನು ತಲೆಕೆಳಗು ಮಾಡಿ ಹಾಕಿದಾಗ ಅಳತೆಯೂ ತುಂಡಿನ ಜೊತೆಗೇ ಹೋಗುತ್ತದೆ. ಅಳೆಯುವ ಮೊದಲು ಸುತ್ತಿಗೆಯಿಂದ ತುಕ್ಕಿನ ಹಪ್ಪಳಿಕೆ, ಚಿಪ್ಪು ಉದುರಿಸಬೇಕು, ಇಲ್ಲದಿದ್ದರೆ ಸವೆದ ಕೊಂಡಿಯೂ ದಪ್ಪ ತೋರಿಸುತ್ತದೆ. ಕೊಂಡಿ ಕೊಂಡಿಗೆ ಉಜ್ಜುವ ತಿರುವಿನಲ್ಲಿ ಕ್ಯಾಲಿಪರ್ ಇಟ್ಟು, ಅಡ್ಡ ಒಮ್ಮೆ, ಉದ್ದ ಒಮ್ಮೆ ಅಳೆದು ಚಿಕ್ಕದನ್ನು ತುಂಬುತ್ತೇವೆ. 38 ಮಿ.ಮೀ. ಕೊಂಡಿ 24 ತಿಂಗಳಲ್ಲಿ 33ಕ್ಕೆ ಇಳಿದರೆ ವರ್ಷಕ್ಕೆ 2.5, ನಾವು ಇಟ್ಟುಕೊಂಡ ಮಿತಿ 28 ಆದ್ದರಿಂದ ಇನ್ನೆರಡು ವರ್ಷ. ಮುಂದಿನ ಭೇಟಿ ಎರಡೂವರೆ ವರ್ಷಕ್ಕಿದ್ದರೆ ಇವತ್ತೇ ಬದಲಿಸಬೇಕು ಎಂದು ಫಾರ್ಮು ಅಲ್ಲೇ ಹೇಳುತ್ತದೆ.

ಲಭ್ಯತೆಯ ಲೆಕ್ಕ, ಅಂದರೆ ಗುರುತು ಎಷ್ಟು ಹೊತ್ತು ಸರಿಯಾಗಿ ಕೆಲಸ ಮಾಡಿತು ಎಂಬುದು, ಮಾತ್ರ ಸ್ಥಾನದ್ದು. ಇಂಥ ಗುರುತುಗಳ ಅಂತರರಾಷ್ಟ್ರೀಯ ಸಂಸ್ಥೆ ಐಎಎಲ್‌ಎ ಇಟ್ಟ ಗುರಿಗಳು, ಗುರುತಿನ ಮಹತ್ವಕ್ಕೆ ತಕ್ಕಂತೆ, ಮೊದಲ ವರ್ಗಕ್ಕೆ 99.8, ಎರಡನೆಯದಕ್ಕೆ 99, ಮೂರನೆಯದಕ್ಕೆ 97 ಶೇಕಡಾ, ಮೂರು ವರ್ಷದ ಅವಧಿಗೆ. ಮೂರು ವರ್ಷ ಎಂದರೆ 26,280 ಗಂಟೆ. ಮೊದಲ ವರ್ಗಕ್ಕೆ ಕೆಟ್ಟು ನಿಲ್ಲಲು ಸಿಗುವುದು 52 ಗಂಟೆ ಚಿಲ್ಲರೆ. ಕಡಲು ಒರಟಾಗಿ ದೋಣಿ ಮೂರು ದಿನ ತಡವಾದರೆ 72 ಗಂಟೆ, ಮೂರು ವರ್ಷದ್ದೂ ಅಲ್ಲಿಗೇ ಖಾಲಿ. ದೋಷ ಶುರುವಾದ ಹೊತ್ತಿಗೆ ಎರಡು ಅಂಕಣ ಬೇಕು: ಕೊನೆಯ ಸಲ ಸರಿಯಿದ್ದುದು ಖಾತ್ರಿಯಾದದ್ದು ಯಾವಾಗ, ದೂರು ಬಂದದ್ದು ಯಾವಾಗ. ದೂರಿನ ಹೊತ್ತನ್ನಷ್ಟೇ ಬರೆದರೆ, ಯಾರೂ ಹಾಯದ ಮೂಲೆಯ ಬೋಯಾವೇ ಕಾಗದದಲ್ಲಿ ಎಲ್ಲಕ್ಕಿಂತ ಚೊಕ್ಕ ಕಾಣುತ್ತದೆ.

ಕಡಲಲ್ಲಿ ನೆಟ್‌ವರ್ಕ್ ಇರುವುದಿಲ್ಲ ಎಂದುಕೊಂಡೇ ಟ್ಯಾಬ್ಲೆಟ್ಟಿನ ಭಾಗ ಬರೆಯಬೇಕು. ದಾಖಲೆ ತಿದ್ದುವುದಿಲ್ಲ, ಹೊಸತನ್ನು ಸೇರಿಸುವುದಷ್ಟೇ. ದಡಕ್ಕೆ ಬಂದು ಎರಡು ಟ್ಯಾಬ್ಲೆಟ್ ಒಟ್ಟಿಗೆ ಕಳಿಸಿದರೂ ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಒದ್ದೆ ಕೈಗವಸಿಗೆ ಸಿಗುವಷ್ಟು ದೊಡ್ಡ ಗುಂಡಿ ಇರಲಿ. ಆದರೆ ‘ದುರಸ್ತಿಯಾಯಿತು’ ಒತ್ತಿದ ಕೂಡಲೇ ಕೆಲಸ ಮುಚ್ಚಿಹೋಗಬಾರದು. ದೀಪ ಆರಿದಾಗ ಹೊರಡಿಸಿದ ನೌಕಾ ಎಚ್ಚರಿಕೆಯನ್ನು ರದ್ದುಮಾಡಿದ ಸಂದೇಶದ ಸಂಖ್ಯೆ ತುಂಬುವವರೆಗೆ ಆ ಸಾಲು ಕೆಂಪಾಗಿಯೇ ಉಳಿಯುವಂತೆ ಮಾಡಿದ್ದೇವೆ.