ಬಾಲ್ಟಿಮೋರಿಗೆ ಬಂದ ಕನ್ನಡಿಗರು ಮೊದಲು ಕಲಿಯಬೇಕಾದ ಆರು ಸಂಖ್ಯೆಗಳು

ನಾನು ಬಾಲ್ಟಿಮೋರಿಗೆ ಬಂದದ್ದು 1998ರ ಆಗಸ್ಟಿನಲ್ಲಿ. ಬಂದು ತಿಂಗಳು ಕಳೆದಿತ್ತಷ್ಟೇ. ಸೆಪ್ಟೆಂಬರ್ 21ರ ಸೋಮವಾರ ಬೆಳಿಗ್ಗೆ ಕಚೇರಿಗೆ ಹೋದರೆ ಕಾಫಿ ಯಂತ್ರದ ಮುಂದೆ ಎಲ್ಲರೂ ಗುಂಪುಗೂಡಿ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು. ಯಾರೋ ತೀರಿಕೊಂಡಿರಬೇಕು ಎಂದುಕೊಂಡೆ. ವಿಚಾರಿಸಿದರೆ, ಹಿಂದಿನ ರಾತ್ರಿ ಊರಿನ ಬೇಸ್‌ಬಾಲ್ ತಂಡವಾದ ಓರಿಯೋಲ್ಸ್‌ನ ಕ್ಯಾಲ್ ರಿಪ್ಕೆನ್ ಆಡಲಿಲ್ಲ ಎಂಬುದೇ ಸುದ್ದಿ. ಅವರಿಗೆ ಗಾಯವಾಗಿರಲಿಲ್ಲ, ಯಾರೂ ಅವರನ್ನು ತಂಡದಿಂದ ಕೈಬಿಟ್ಟಿರಲಿಲ್ಲ. ತಾವಾಗಿಯೇ ಮ್ಯಾನೇಜರ್ ಬಳಿ ಹೋಗಿ, ಇಂದು ಆಡುವುದಿಲ್ಲ ಎಂದಿದ್ದರು. 1982ರ ಮೇ 30ರಿಂದ ಅಂದಿನವರೆಗೆ ಒಂದೇ ಒಂದು ಪಂದ್ಯವನ್ನೂ ಅವರು ತಪ್ಪಿಸಿರಲಿಲ್ಲ. ಸತತ 2632 ಪಂದ್ಯಗಳು. ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ಆಟಗಾರರು ವಿಷಯ ತಿಳಿದೊಡನೆ ಮೈದಾನದ ಅಂಚಿನಲ್ಲಿ ಆಟಗಾರರು ಕೂರುವ ತಮ್ಮ ಡಗ್‌ಔಟಿನಿಂದ ಮೇಲೆದ್ದು ಬಂದು ಚಪ್ಪಾಳೆ ತಟ್ಟಿದ್ದರು.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ, ನಿವೃತ್ತಿಗೆ ಹತ್ತಿರವಾಗಿದ್ದ ಸಹೋದ್ಯೋಗಿಯೊಬ್ಬರು ಒಂದು ಚೀಟಿಯ ಮೇಲೆ ಆರು ಸಂಖ್ಯೆ ಬರೆದು ನನ್ನ ಕೈಗಿತ್ತರು: 42, 56, .406, 755, 2130, 2632. ಹೆಸರುಗಳನ್ನು ಬರೆಯಲಿಲ್ಲ. ಯಾವುದು ಯಾರದೆಂದು ನೀವೇ ಊರಿನವರನ್ನು ಕೇಳಿ ತಿಳಿದುಕೊಳ್ಳಿ ಎಂದರು. ಕೇಳಿದೆ. ಕ್ಷೌರದಂಗಡಿಯಲ್ಲಿ, ಲಘು ರೈಲಿನಲ್ಲಿ, ಬೇಲಿಯಾಚೆಯ ಮನೆಯವರಲ್ಲಿ ಕೇಳುತ್ತಾ ಹೋದೆ. ಆ ಒಂದು ಚಳಿಗಾಲದಲ್ಲಿ ನನಗೆ ಆದಷ್ಟು ಪರಿಚಯಗಳು ಮುಂದಿನ ಐದು ವರ್ಷಗಳಲ್ಲಿ ಆಗಲಿಲ್ಲ. ಆದ್ದರಿಂದ ಹೊಸದಾಗಿ ಬಂದಿರುವ ನಿಮಗೂ ಅದೇ ದಾರಿಯನ್ನು ಹೇಳುತ್ತೇನೆ. ಆಟದ ನಿಯಮಗಳು ನಿಧಾನವಾಗಿ ಬರುತ್ತವೆ. ಸಂಖ್ಯೆಗಳಿಂದ ಆರಂಭಿಸಿ.

ಮೊದಲಿಗೆ 2130. ಇದು ಲೂ ಗೆರಿಗ್ ಅವರದು. ಯಾಂಕೀಸ್ ಪರ 1925ರಿಂದ ಸತತ 2130 ಪಂದ್ಯಗಳನ್ನು ಆಡಿದ ಅವರು 1939ರ ಮೇ 2ರಂದು ಡೆಟ್ರಾಯಿಟಿನಲ್ಲಿ ತಾವೇ ತಂಡದಿಂದ ಹೊರಗುಳಿದರು. ಮೈಯಲ್ಲಿ ಶಕ್ತಿ ಕುಂದುತ್ತಿತ್ತು, ಕಾರಣ ಅವರಿಗೇ ತಿಳಿದಿರಲಿಲ್ಲ. ಸ್ನಾಯುಗಳ ಮೇಲಿನ ಹಿಡಿತವನ್ನು ಕಸಿದುಕೊಳ್ಳುವ ಎಎಲ್‌ಎಸ್ ಎಂಬ ನರರೋಗವೆಂದು ಬಳಿಕ ಗೊತ್ತಾಯಿತು. ಅಮೆರಿಕದಲ್ಲಿ ಇಂದಿಗೂ ಜನ ಆ ಕಾಯಿಲೆಯನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಜುಲೈ 4ರಂದು ತುಂಬಿದ ಕ್ರೀಡಾಂಗಣದಲ್ಲಿ ಅವರು ವಿದಾಯ ಹೇಳಿದರು, ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡರು. ಅವರ 4 ಅಂಕಿಯ ಅಂಗಿಯನ್ನು ಮತ್ತೆ ಯಾರಿಗೂ ಕೊಡಬಾರದೆಂದು ಯಾಂಕೀಸ್ ನಿರ್ಧರಿಸಿತು. ಬೇಸ್‌ಬಾಲಿನ ಅತ್ಯುನ್ನತ ಹಂತವಾದ ದೊಡ್ಡ ಲೀಗುಗಳಲ್ಲಿ ಅಂಥ ಗೌರವ ಪಡೆದ ಮೊದಲ ಆಟಗಾರ ಅವರೇ.

ಈ ಕಥೆ ಗೊತ್ತಿಲ್ಲದೆ ರಿಪ್ಕೆನ್ ಅವರ ದಾಖಲೆಯ ತೂಕ ತಿಳಿಯುವುದಿಲ್ಲ. 1995ರ ಸೆಪ್ಟೆಂಬರ್ 6ರಂದು ಇದೇ ಊರಿನ ಕ್ಯಾಮ್ಡನ್ ಯಾರ್ಡ್ಸ್ ಮೈದಾನದಲ್ಲಿ ಅವರು 2131ನೆಯ ಪಂದ್ಯ ಆಡಿದರು. ಬೇಸ್‌ಬಾಲಿನಲ್ಲಿ ಒಂಬತ್ತು ಇನಿಂಗ್ಸ್. ಐದನೆಯದರ ಮೊದಲರ್ಧ ಮುಗಿದಾಗ ತವರಿನ ತಂಡ ಮುಂದಿದ್ದರೆ ಪಂದ್ಯ ಅಧಿಕೃತವಾದಂತೆ. ಆ ಗಳಿಗೆಯಲ್ಲಿ ಮೈದಾನದಾಚೆಯ ಗೋದಾಮಿನ ಗೋಡೆಯ ಮೇಲೆ 2131 ಎಂಬ ಫಲಕ ಇಳಿಯಿತು. ಚಪ್ಪಾಳೆ 22 ನಿಮಿಷ ನಿಲ್ಲಲಿಲ್ಲ. ಸಹ ಆಟಗಾರರು ದೂಡಿ ಕಳುಹಿಸಿದ ಮೇಲೆ ರಿಪ್ಕೆನ್ ಮೈದಾನದ ಅಂಚಿನುದ್ದಕ್ಕೂ ನಡೆದು ಜನರ ಕೈ ಕುಲುಕಿದರು. ಈ ಊರಿನಲ್ಲಿ ನಡುವಯಸ್ಸು ದಾಟಿದ ಯಾರನ್ನೇ ಕೇಳಿ, ಆ ರಾತ್ರಿ ತಾವು ಎಲ್ಲಿದ್ದೆವೆಂದು ಹೇಳುತ್ತಾರೆ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೊಂದನ್ನು ನೀವು ಸೇರಿಸಬಹುದು: ಜಪಾನಿನ ಸಾಚಿಯೋ ಕಿನುಗಾಸ ಅಲ್ಲಿನ ಲೀಗಿನಲ್ಲಿ ಸತತ 2215 ಪಂದ್ಯ ಆಡಿದ್ದರು. 1996ರ ಜೂನಿನಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ರಿಪ್ಕೆನ್ ಆ ದಾಖಲೆಯನ್ನೂ ದಾಟಿದಾಗ ಕಿನುಗಾಸ ಅವರೇ ಬಂದು ನೋಡುತ್ತಿದ್ದರು.

ಇನ್ನು .406. ಕ್ರಿಕೆಟ್ ಕಂಡವರಿಗೆ ಇಲ್ಲಿ ಒಂದು ಎಡರು ಇದೆ. ಬೇಸ್‌ಬಾಲಿನ ಬ್ಯಾಟಿಂಗ್ ಸರಾಸರಿ ರನ್ನುಗಳ ಲೆಕ್ಕವಲ್ಲ. ಬ್ಯಾಟ್ ಹಿಡಿದು ನಿಂತ ಸರದಿಗಳಲ್ಲಿ ಎಷ್ಟು ಬಾರಿ ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದರು ಎಂಬ ಭಾಗಲಬ್ಧ ಅದು. ಹಾಗೆ ಹೊಡೆದದ್ದನ್ನು ಹಿಟ್ ಎನ್ನುತ್ತಾರೆ. ಹತ್ತು ಸಲಕ್ಕೆ ಮೂರು ಸಲ ಗೆದ್ದರೆ .300, ಅಷ್ಟಾದರೆ ಆತ ಒಳ್ಳೆಯ ಬ್ಯಾಟರ್. ಏಳು ಸಲ ಸೋಲುವವರನ್ನು ಶ್ರೇಷ್ಠರೆನ್ನುವ ಆಟವಿದು ಎಂಬುದು ಮನಸ್ಸಿಗಿಳಿಯಲು ನನಗೆ ಒಂದು ಋತುವೇ ಬೇಕಾಯಿತು.

1941ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್, ಋತುವಿನ ಕೊನೆಯ ದಿನದ ಬೆಳಿಗ್ಗೆ, .39955ರಲ್ಲಿ ನಿಂತಿದ್ದರು. ಅದನ್ನು ದಾಖಲೆಯಲ್ಲಿ .400 ಎಂದೇ ಬರೆಯುತ್ತಿದ್ದರು. ಆಡದೆ ಕುಳಿತಿದ್ದರೆ ಸಾಕಿತ್ತು, ಮ್ಯಾನೇಜರ್ ಕೂಡ ಆ ಅವಕಾಶ ಕೊಟ್ಟಿದ್ದರು. ವಿಲಿಯಮ್ಸ್ ಫಿಲಡೆಲ್ಫಿಯಾದಲ್ಲಿ ಅಂದು ಒಂದರ ಹಿಂದೆ ಒಂದರಂತೆ ನಡೆದ ಎರಡೂ ಪಂದ್ಯ ಆಡಿದರು. ಎಂಟು ಸರದಿಗಳಲ್ಲಿ ಆರು ಹಿಟ್ ಹೊಡೆದು .406ಕ್ಕೆ ಏರಿದರು. ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳಲ್ಲಿ ಆಮೇಲೆ ಯಾರೂ ಒಂದು ಇಡೀ ಋತುವಿಗೆ .400 ಮುಟ್ಟಿಲ್ಲ. ಬ್ರಾಡ್ಮನ್ ಕೊನೆಯ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ 99.94ರಲ್ಲಿ ಉಳಿದದ್ದನ್ನು ನೆನೆದು ಮರುಗುವ ನಮ್ಮ ಪೀಳಿಗೆಯವರಿಗೆ ವಿಲಿಯಮ್ಸ್ ಅವರ ಆ ಮಧ್ಯಾಹ್ನ ಬಲು ಹತ್ತಿರವಾಗುತ್ತದೆ.

56 ಕೂಡ ಅದೇ ವರ್ಷದ್ದು. ಯಾಂಕೀಸ್‌ನ ಜೋ ಡಿಮ್ಯಾಜಿಯೋ ಸತತ 56 ಪಂದ್ಯಗಳಲ್ಲಿ ಕನಿಷ್ಠ ಒಂದಾದರೂ ಹಿಟ್ ಹೊಡೆದರು. ಸರಣಿ ಕ್ಲೀವ್‌ಲ್ಯಾಂಡಿನಲ್ಲಿ ಮುರಿದ ಮರುದಿನದಿಂದಲೇ ಮತ್ತೆ 16 ಪಂದ್ಯ ಹಾಗೆಯೇ ನಡೆಯಿತು. ಆ ವರ್ಷ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಯಾರಿಗೆ ಬಂತು ಎಂಬುದು ಇಲ್ಲಿನ ಕ್ವಿಜ್‌ಗಳಲ್ಲಿ ಹಳೆಯ ಪ್ರಶ್ನೆ. ಉತ್ತರ ಡಿಮ್ಯಾಜಿಯೋ.

755ರ ಬಗ್ಗೆ ಮಾತನಾಡುವಾಗ ಎಚ್ಚರವಿರಲಿ, ಏಕೆಂದರೆ ಇದು ನೋವಿರುವ ಜಾಗ. ಚೆಂಡನ್ನು ಬೇಲಿಯಾಚೆ ಹೊಡೆದರೆ, ನಮ್ಮ ಸಿಕ್ಸರಿನಂತೆ, ಅದು ಹೋಮ್ ರನ್. ಬೇಬ್ ರೂತ್ 714 ಹೋಮ್ ರನ್ನುಗಳೊಂದಿಗೆ ನಿವೃತ್ತರಾದಾಗ ಅದನ್ನು ದಾಟುವವರಿಲ್ಲ ಎಂದೇ ಜನ ನಂಬಿದ್ದರು. ಅಲಬಾಮಾದ ಕಪ್ಪು ಜನಾಂಗದ ಮನೆಯೊಂದರಲ್ಲಿ ಹುಟ್ಟಿದ ಹ್ಯಾಂಕ್ ಆರನ್ 1973ರ ಋತುವನ್ನು 713ಕ್ಕೆ ಮುಗಿಸಿದರು. ಒಂದೇ ಒಂದು ಕಡಿಮೆ! ಆ ಇಡೀ ಚಳಿಗಾಲ ಅವರ ಮನೆಗೆ ದ್ವೇಷದ ಪತ್ರಗಳು, ಕೊಲೆ ಬೆದರಿಕೆಗಳು ಬಂದವು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಅವರು 715ನೆಯದನ್ನು ಹೊಡೆದು ಓಡುತ್ತಿರುವಾಗ ಇಬ್ಬರು ಯುವಕರು ಮೈದಾನಕ್ಕೆ ಹಾರಿ ಬಂದು ಪಕ್ಕದಲ್ಲಿ ಓಡಿದರು. ಅವರು ಅಭಿನಂದಿಸಲು ಬಂದವರು, ಆದರೆ ಚಿತ್ರ ನೋಡಿದಾಗಲೆಲ್ಲ ನನ್ನ ಎದೆ ಒಂದು ಕ್ಷಣ ನಿಲ್ಲುತ್ತದೆ. ಆರನ್ ಎಂಥ ಬ್ಯಾಟರ್ ಎಂದು ಹೇಳಲು ಒಂದೇ ಲೆಕ್ಕ ಸಾಕು: ಅವರ ಒಟ್ಟು ಹಿಟ್‌ಗಳು 3771. ಅದರಲ್ಲಿ 755 ಹೋಮ್ ರನ್ ಕಳೆದರೂ 3016 ಉಳಿಯುತ್ತವೆ. 3000 ದಾಟಿದವರನ್ನು ಈ ಆಟ ಮಹನೀಯರ ಸಾಲಿನಲ್ಲಿ ಕೂರಿಸುತ್ತದೆ.

ಇಂದಿನ ದಾಖಲೆ 762, ಬ್ಯಾರಿ ಬಾಂಡ್ಸ್ ಅವರದು. ಒಂದೇ ಋತುವಿನ 73 ಕೂಡ ಅವರದೇ, 2001ರಲ್ಲಿ. ಆದರೆ ಅದು ಉದ್ದೀಪನ ಮದ್ದಿನ ನೆರಳು ಆಟವನ್ನು ಕವಿದಿದ್ದ ಕಾಲ. ಹತ್ತು ವರ್ಷ ಮತದಾನ ನಡೆದರೂ ಪತ್ರಕರ್ತರು ಅವರನ್ನು ಆಟದ ಮಹನೀಯರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆರಿಸಲಿಲ್ಲ. ನಾನು ಬಂದ ವರ್ಷ 70 ಹೋಮ್ ರನ್ ಹೊಡೆದು ದೇಶವನ್ನೇ ಕುಣಿಸಿದ ಮಾರ್ಕ್ ಮಗ್ವಾಯರ್ 2010ರಲ್ಲಿ ಮದ್ದು ಬಳಸಿದ್ದನ್ನು ಒಪ್ಪಿಕೊಂಡರು. ಈ ವಿಷಯದಲ್ಲಿ ಹೊಸಬರು ತೀರ್ಪು ಕೊಡಲು ಹೋಗಬೇಡಿ. 755 ದೊಡ್ಡದೋ 762 ದೊಡ್ಡದೋ ಎಂದು ಕೇಳಿ, ಅವರು ಹೇಳುವುದನ್ನು ಆಲಿಸಿ.

ಉಳಿದದ್ದು 42. ಇದು ಪಂದ್ಯಗಳ ಲೆಕ್ಕವಲ್ಲ, ಅಂಗಿಯ ಮೇಲಿನ ಅಂಕಿ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದ ಜಾಕಿ ರಾಬಿನ್ಸನ್, ದಶಕಗಳಿಂದ ಕಪ್ಪು ಆಟಗಾರರಿಗೆ ಮುಚ್ಚಿದ್ದ ಬಾಗಿಲನ್ನು ತೆರೆದರು. 1997ರಿಂದ ಯಾವ ತಂಡದಲ್ಲೂ ಹೊಸದಾಗಿ ಯಾರಿಗೂ 42 ಕೊಡುವುದಿಲ್ಲ. ಅದನ್ನು ಮೊದಲೇ ಧರಿಸಿದ್ದವರಲ್ಲಿ ಕೊನೆಯವರು ಯಾಂಕೀಸ್‌ನ ಮಾರಿಯಾನೋ ರಿವೇರಾ. ಅವರು 2013ರಲ್ಲಿ ನಿವೃತ್ತರಾದರು. 2019ರಲ್ಲಿ ಒಂದೂ ಮತ ತಪ್ಪದೆ ಹಾಲ್ ಆಫ್ ಫೇಮ್ ಸೇರಿದ ಮೊದಲಿಗರಾದರು. ಏಪ್ರಿಲ್ 15ರಂದು ಟಿವಿ ಹಾಕಿದರೆ ಎಲ್ಲ ಆಟಗಾರರ ಬೆನ್ನ ಮೇಲೂ 42 ಕಾಣುತ್ತದೆ. ಮೊದಲ ವರ್ಷ ನೋಡುವವರು ಗಾಬರಿಯಾಗಬೇಡಿ.

ಆ ಬಾಗಿಲಿನ ಹೊರಗೇ ಉಳಿದವರನ್ನೂ ತಿಳಿದಿರಬೇಕು. ಕಪ್ಪು ಆಟಗಾರರಿಗಾಗಿ ಪ್ರತ್ಯೇಕವಾಗಿದ್ದ ನೀಗ್ರೋ ಲೀಗುಗಳ ಜಾಶ್ ಗಿಬ್ಸನ್ ತಮ್ಮ 35ನೆಯ ವಯಸ್ಸಿನಲ್ಲಿ, 1947ರ ಜನವರಿಯಲ್ಲಿ, ತೀರಿಕೊಂಡರು. ರಾಬಿನ್ಸನ್ ಮೈದಾನಕ್ಕಿಳಿಯಲು ಇನ್ನು ಮೂರೇ ತಿಂಗಳಿತ್ತು. 2024ರ ಮೇ ತಿಂಗಳಲ್ಲಿ ಆ ಲೀಗುಗಳ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಲಾಯಿತು. ಜೀವಮಾನದ ಬ್ಯಾಟಿಂಗ್ ಸರಾಸರಿಯ ಮೊದಲ ಸ್ಥಾನ ಟೈ ಕಾಬ್ ಅವರಿಂದ ಗಿಬ್ಸನ್ ಅವರಿಗೆ ಹೋಯಿತು, .372. ಒಂದು ಋತುವಿನ ದಾಖಲೆಯೂ ಈಗ ಅವರದೇ, 1943ರ .466. ಹಳೆಯ ಕ್ವಿಜ್ ಪುಸ್ತಕಗಳಲ್ಲಿ ಕಾಬ್ ಎಂದೇ ಇದೆ. ಆ ಉತ್ತರ ಈಗ ತಪ್ಪು.

ಚೀಟಿಯಲ್ಲಿ ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ಸಂಖ್ಯೆ ಇರಲಿಲ್ಲ. ಅದು ನನಗೆ ಸಿಕ್ಕಿದ್ದು ನಮ್ಮ ಕಡೆಯಿಂದಲೇ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರಲ್ಲ, ಮರುದಿನ ಕಚೇರಿಯಲ್ಲಿ ನನಗೆ ಹೇಳದೆ ಇರಲಾಗಲಿಲ್ಲ. ಆ ಹಿರಿಯರು ಪೂರ್ತಿ ಕೇಳಿಸಿಕೊಂಡು ಡಾನ್ ಲಾರ್ಸನ್ ಅವರ ಕಥೆ ಹೇಳಿದರು. ಬಂದ 27 ಬ್ಯಾಟರ್‌ಗಳಲ್ಲಿ 27 ಮಂದಿಯನ್ನೂ ಒಬ್ಬರೂ ಬೇಸ್ ತಲುಪದಂತೆ ಔಟ್ ಮಾಡಿದರೆ ಅದು ಪರ್ಫೆಕ್ಟ್ ಗೇಮ್. ದೊಡ್ಡ ಲೀಗುಗಳ ಇಡೀ ಚರಿತ್ರೆಯಲ್ಲಿ 2023ರವರೆಗೆ ಅಂಥವು 24 ಮಾತ್ರ. ಋತುವಿನ ಕೊನೆಯ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಒಂದೇ ಒಂದು, ಲಾರ್ಸನ್ ಅವರದು, 1956ರ ಅಕ್ಟೋಬರ್ 8. ಜಿಮ್ ಲೇಕರ್ ಟೆಸ್ಟ್‌ನಲ್ಲಿ ಮೊದಲ ಬಾರಿ ಹತ್ತೂ ವಿಕೆಟ್ ಪಡೆದದ್ದೂ 1956ರಲ್ಲೇ ಎಂದು ನಾನು ಹೇಳಿದಾಗ ಅವರು ಎದ್ದು ನಿಂತು ನನ್ನ ಕೈ ಕುಲುಕಿದರು.

ಪಿಚರ್ ಒಬ್ಬರು ಒಂದೂ ಹಿಟ್ ಕೊಡದೆ ಆರೇಳು ಇನಿಂಗ್ಸ್ ದಾಟಿದ್ದರೆ ಆ ವಿಷಯವನ್ನು ಬಾಯಿಬಿಟ್ಟು ಹೇಳಬೇಡಿ. ಹೇಳಿದರೆ ಮುರಿಯುತ್ತದೆ ಎಂಬುದು ಇಲ್ಲಿನ ನಂಬಿಕೆ. ದೃಷ್ಟಿ ತಾಗುತ್ತದೆ ಎಂದು ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಡುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಭಾರತದವರು ಯಾರಾದರೂ ಆಡಿದ್ದಾರೆಯೇ ಎಂದು ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರನ್ನು 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಒಪ್ಪಂದ ಮಾಡಿಕೊಂಡಿತ್ತು. ಕೆಳಹಂತದ ಲೀಗುಗಳಲ್ಲಿ ಆಡಿದರು, ಮೇಲಿನ ಹಂತಕ್ಕೆ ಏರಲಿಲ್ಲ.

ಇಷ್ಟಾದ ಮೇಲೆ ಮೈದಾನಕ್ಕೆ ಹೋಗಿ. ರಾಷ್ಟ್ರಗೀತೆಯ ನಡುವೆ ಇದ್ದಕ್ಕಿದ್ದಂತೆ ಸಾವಿರಾರು ಜನ "ಓ" ಎಂದು ಕೂಗುತ್ತಾರೆ. ಅದು ಅಗೌರವವಲ್ಲ, ಓರಿಯೋಲ್ಸ್ ತಂಡದ ಹೆಸರಿನ ಮೊದಲಕ್ಷರ, ಊರಿನ ವಾಡಿಕೆ. ಸೀಟುಗಳತ್ತ ಹಾರಿ ಬಂದ ಚೆಂಡನ್ನು ಹಿಂದಿರುಗಿಸಬೇಕಾಗಿಲ್ಲ, ಹಿಡಿದವರದೇ. ಹತ್ತಿರ ಮಗುವಿದ್ದರೆ ಅದರ ಕೈಗೆ ಕೊಡುತ್ತಾರೆ. ಸಿಪ್ಪೆಯೊಡನೆ ಹುರಿದ ಕಡಲೆಕಾಯಿ ಸಿಗುತ್ತದೆ, ಸಿಪ್ಪೆಯನ್ನು ಕಾಲಡಿಗೆ ಹಾಕುವುದೇ ರೂಢಿ. ಏಳನೆಯ ಇನಿಂಗ್ಸಿನ ಹೊತ್ತಿಗೆ ನೆಲ ಬಸವನಗುಡಿಯ ಪರಿಷೆಯ ಬೀದಿಯಂತೆಯೇ ಕಾಲಡಿಯಲ್ಲಿ ಚರಚರ ಎನ್ನುತ್ತದೆ.

ಬೇಬ್ ರೂತ್ ಹುಟ್ಟಿದ ಮನೆ ಇಲ್ಲಿಂದ ಕೆಲವೇ ಬೀದಿಗಳಾಚೆ ಇದೆ, ಈಗ ವಸ್ತುಸಂಗ್ರಹಾಲಯ. ಅವರ ತಂದೆಯ ಹೆಂಡದಂಗಡಿ ಇದ್ದದ್ದು ಇಂದು ಮೈದಾನದ ಹುಲ್ಲು ಬೆಳೆದಿರುವ ಜಾಗದಲ್ಲೇ. ಬಲಗಡೆಯ ಉದ್ದನೆಯ ಇಟ್ಟಿಗೆಯ ಕಟ್ಟಡ ಹಳೆಯ ರೈಲ್ವೆ ಗೋದಾಮು. ಪಂದ್ಯದಲ್ಲಿ ಯಾರೂ ನೇರವಾಗಿ ಅದಕ್ಕೆ ಚೆಂಡು ಮುಟ್ಟಿಸಿಲ್ಲ. 1993ರ ಹೋಮ್ ರನ್ ಸ್ಪರ್ಧೆಯಲ್ಲಿ ಕೆನ್ ಗ್ರಿಫಿ ಜೂನಿಯರ್ ಮುಟ್ಟಿಸಿದರು. ಅದರ ಮುಂದಿನ ಬೀದಿಯಲ್ಲಿ, ಹೋಮ್ ರನ್ನುಗಳು ಬಿದ್ದಲ್ಲೆಲ್ಲ ನೆಲದಲ್ಲಿ ಹಿತ್ತಾಳೆಯ ಬಿಲ್ಲೆ ಕೂರಿಸಿದ್ದಾರೆ, ತಲೆ ತಗ್ಗಿಸಿ ನಡೆಯಿರಿ.

ಮತ್ತೆ ಬಲಗಡೆಯ ಗ್ಯಾಲರಿಗೆ ಬನ್ನಿ. ಅಲ್ಲಿ ಹಸಿರು ಸೀಟುಗಳ ಸಾಲಿನಲ್ಲಿ ಒಂದೇ ಒಂದು ಸೀಟು ಕಿತ್ತಳೆ ಬಣ್ಣದ್ದು. ಓರಿಯೋಲ್ಸ್ ಆಟಗಾರ ಎಡ್ಡಿ ಮರ್ರೆ ಅವರ 500ನೆಯ ಹೋಮ್ ರನ್ ಬಂದು ಬಿದ್ದ ಸ್ಥಳ ಅದು. ದಿನಾಂಕ 1996ರ ಸೆಪ್ಟೆಂಬರ್ 6; ರಿಪ್ಕೆನ್ ಅವರ ಆ ರಾತ್ರಿಗೆ ಸರಿಯಾಗಿ ಒಂದು ವರ್ಷ. ಈ ಸೀಟಿನ ಬಣ್ಣ ಯಾಕೆ ಬೇರೆ ಎಂದು ಪಕ್ಕದಲ್ಲಿ ಕುಳಿತವರನ್ನು ಕೇಳಿ. ಉತ್ತರ ಗೊತ್ತಿದ್ದರೂ ಕೇಳಿ.