ಎಆರ್‌ಟಿ ತೆಗೆದುಕೊಳ್ಳುವವರು ಹೃದಯವನ್ನು ಕಾಯುವುದು ಹೇಗೆ?

ಎಚ್‌ಐವಿ ಸೋಂಕನ್ನು ಹತೋಟಿಯಲ್ಲಿಡುವ ಮಾತ್ರೆಗಳ ಚಿಕಿತ್ಸೆಯಾದ ಎಆರ್‌ಟಿ ದೇಶದಲ್ಲಿ ಉಚಿತವಾಗಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಆಗ ಮೂವತ್ತರ ಆಸುಪಾಸಿನಲ್ಲಿ ಮಾತ್ರೆ ಆರಂಭಿಸಿದವರಿಗೆ ಈಗ ಐವತ್ತು ದಾಟಿದೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ಕಡೆ ತಿಂಗಳ ಮಾತ್ರೆಗೆ ಬರುವ ಬಹಳಷ್ಟು ಜನರ ವರದಿಯಲ್ಲಿ ವೈರಲ್ ಲೋಡ್ 'ಟಿಎನ್‌ಡಿ', ಅಂದರೆ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆ. ಇದು ದೊಡ್ಡ ಗೆಲುವು. ಆದರೆ ಟಿಎನ್‌ಡಿ ಬಂದ ಮೇಲೂ ಹೃದಯಾಘಾತದ ಸಾಧ್ಯತೆ ಸೋಂಕಿಲ್ಲದವರಿಗಿಂತ ಹೆಚ್ಚೇ ಇರುತ್ತದೆ, ಸುಮಾರು ಎರಡು ಪಟ್ಟು.

ಕಾರಣ ಕೊಲೆಸ್ಟ್ರಾಲ್ ಒಂದೇ ಅಲ್ಲ. ವೈರಸ್ ಅಡಗಿ ಕುಳಿತರೂ ರೋಗನಿರೋಧಕ ಕಣಗಳು ಪೂರ್ತಿ ತಣ್ಣಗಾಗುವುದಿಲ್ಲ. ಸೋಂಕಿನ ಮೊದಲ ವಾರಗಳಲ್ಲೇ ಕರುಳಿನ ಒಳಪದರ ಘಾಸಿಗೊಂಡಿರುತ್ತದೆ. ಅಲ್ಲಿಂದ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಜಿನುಗಿ ಈ ಕಣಗಳನ್ನು ಕೆರಳಿಸುತ್ತಲೇ ಇರುತ್ತವೆ. ರಕ್ತನಾಳದ ಒಳಗೋಡೆ ಸದಾ ಸಣ್ಣಗೆ ಉರಿಯುತ್ತಿದ್ದರೆ ಅಲ್ಲಿ ಕೊಬ್ಬು ಬೇಗ ಕಟ್ಟುತ್ತದೆ, ಬೇಗ ಒಡೆಯುತ್ತದೆ.

ಹಾಗಾದರೆ ಮಾತ್ರೆಗೆ ಬಿಡುವು ಕೊಟ್ಟರೆ ಹೃದಯಕ್ಕೆ ಒಳ್ಳೆಯದೇ? ಖಂಡಿತ ಇಲ್ಲ. ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಎಣಿಕೆ ಚೆನ್ನಾಗಿದ್ದಾಗ ಎಆರ್‌ಟಿ ನಿಲ್ಲಿಸಿ, ಇಳಿದಾಗ ಮತ್ತೆ ಆರಂಭಿಸಿ ನೋಡಿದ ಸ್ಮಾರ್ಟ್ ಅಧ್ಯಯನದಲ್ಲಿ ಬಿಡುವು ಪಡೆದವರಲ್ಲೇ ಸಾವೂ ಹೃದಯದ ತೊಂದರೆಯೂ ಹೆಚ್ಚಾದವು. ಫಲಿತಾಂಶ ಪ್ರಕಟವಾದದ್ದು 2006ರಲ್ಲಿ. ಒಂದು ದಿನದ ಮಾತ್ರೆಯನ್ನೂ ತಪ್ಪಿಸಬೇಡಿ.

ಮೊದಲ ಕೆಲಸ: ಒಂದು ಚೀಟಿ

ಎಆರ್‌ಟಿ ಡಬ್ಬಿಯ ಮೇಲಿನ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಈಗ ಹೆಚ್ಚಿನವರಿಗೆ ಸಿಗುತ್ತಿರುವುದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ. ಹೃದಯದ ಔಷಧಿಗಳ ಜೊತೆ ಇದು ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಡಬ್ಬಿಯ ಮೇಲೆ 'ರಿಟೊನಾವಿರ್' ಎಂದಿದ್ದರೆ ಅದರ ಸುತ್ತ ಕೆಂಪು ಗೆರೆ ಎಳೆಯಿರಿ. ಮೊದಲ ಹಂತದ ಮಾತ್ರೆ ಕೆಲಸ ಮಾಡದಿದ್ದಾಗ ಕೊಡುವ ಲೋಪಿನಾವಿರ್, ಅಟಜನಾವಿರ್, ಡರುನಾವಿರ್ ಜೊತೆ ಇದು ಇರುತ್ತದೆ. 'ಅಬಕಾವಿರ್' ಇದ್ದರೂ ಗುರುತು ಮಾಡಿ. ಅದಕ್ಕೂ ಹೃದಯಾಘಾತಕ್ಕೂ ನಂಟಿರುವುದನ್ನು 2008ರಿಂದಲೂ ವೈದ್ಯರು ಗಮನಿಸುತ್ತಿದ್ದಾರೆ. ಹೃದಯದ ತೊಂದರೆ ಈಗಾಗಲೇ ಇದ್ದರೆ ಬದಲಿ ಮಾತ್ರೆ ಸಾಧ್ಯವೇ ಎಂದು ಎಆರ್‌ಟಿ ವೈದ್ಯರನ್ನು ಕೇಳಬೇಕು.

ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಗ್ಯಾಸ್ಟ್ರಿಕ್ ಔಷಧಿ, ನಾಟಿ ಔಷಧಿ ಎಲ್ಲವೂ ಅದೇ ಚೀಟಿಗೆ ಬರಬೇಕು. ಡೊಲುಟೆಗ್ರಾವಿರ್ ಜೊತೆ ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ದಿನಕ್ಕೆ 1,000 ಮಿಲಿಗ್ರಾಂ ದಾಟಬಾರದು. ಎದೆಯುರಿಗೆ ಕುಡಿಯುವ ಆಂಟಾಸಿಡ್ ಡೊಲುಟೆಗ್ರಾವಿರ್ ಅನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಹಾಗಾಗಿ ಎಆರ್‌ಟಿ ನುಂಗಿ ಎರಡು ಗಂಟೆ ಕಳೆದ ಮೇಲೆ ಆಂಟಾಸಿಡ್ ಕುಡಿಯಿರಿ. ಮೊದಲು ಅದನ್ನೇ ಕುಡಿದಿದ್ದರೆ ಎಆರ್‌ಟಿಗೆ ಆರು ಗಂಟೆ ಕಾಯಬೇಕು.

ವರ್ಷಕ್ಕೊಮ್ಮೆಯಾದರೂ ಅಳತೆ

ಬಿಪಿ ನೋಡುವ ಮುನ್ನ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ ಐದು ನಿಮಿಷ ಮಾತಿಲ್ಲದೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿಸಿ. ಬೇರೆ ಬೇರೆ ದಿನಗಳಲ್ಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಎಆರ್‌ಟಿ ಸಾಲಿನಲ್ಲಿ ಎರಡು ಗಂಟೆ ನಿಂತು, ಕೂತ ತಕ್ಷಣ ತೋಳು ಚಾಚಿದರೆ ಬರುವ ಅಂಕಿಯನ್ನು ನಂಬಲಾಗದು.

ಶುಗರ್ ಪರೀಕ್ಷೆಯಲ್ಲೂ ಒಂದು ಸೂಕ್ಷ್ಮವಿದೆ. ಎಆರ್‌ಟಿಯಲ್ಲಿ ಜಿಡೊವುಡಿನ್ ಅಥವಾ ಅಬಕಾವಿರ್ ತೆಗೆದುಕೊಳ್ಳುವವರಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ನಿಜಕ್ಕಿಂತ ಕಡಿಮೆ ಬರಬಹುದು. ಖಾಲಿಹೊಟ್ಟೆಯ ಶುಗರ್ ಕೂಡ ಮಾಡಿಸಿ. 126 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷೆ ಬೇಕು. ಡೊಲುಟೆಗ್ರಾವಿರ್ ಶುರುವಾದ ಮೇಲೆ ಕೆಲವರ ತೂಕ ಬೇಗ ಏರುತ್ತದೆ. ಸೊಂಟಕ್ಕೆ ಟೇಪು ಹಿಡಿದು ನೋಡುತ್ತಿರಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗಡಿ.

ಸ್ಟ್ಯಾಟಿನ್ ಬೇಕೇ ಎಂದು ಕೇಳಿ

ಸ್ಟ್ಯಾಟಿನ್ ಎಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ. ನಲವತ್ತು ದಾಟಿದವರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲೇಬೇಕು. ಭಾರತವೂ ಸೇರಿ 12 ದೇಶಗಳ 40ರಿಂದ 75 ವಯಸ್ಸಿನ 7,769 ಎಚ್‌ಐವಿ ಸೋಂಕಿತರ ಮೇಲೆ ನಡೆದ ರಿಪ್ರೀವ್ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ದಿನಕ್ಕೆ 4 ಮಿಲಿಗ್ರಾಂ ಪಿಟವಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಘಟನೆಗಳು ಶೇ 35ರಷ್ಟು ಕಡಿಮೆಯಾದವು. ಅವರು ಹೃದಯಾಘಾತದ ಅಪಾಯ ಹೆಚ್ಚೇನೂ ಇಲ್ಲ ಎಂದು ಲೆಕ್ಕ ಹಾಕಲಾಗಿದ್ದ ಜನ. ಹಾಗಾಗಿ 'ನಿಮ್ಮ ಕೊಲೆಸ್ಟ್ರಾಲ್ ಸರಿಯಿದೆ, ಬೇಡ' ಎಂಬ ಹಳೆಯ ಉತ್ತರ ಈಗ ಸಾಲದು.

ಎಡವಟ್ಟಾಗುವುದು ಆಯ್ಕೆಯಲ್ಲಿ. ಔಷಧಿಗಳನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ರಿಟೊನಾವಿರ್ ಕಟ್ಟಿಹಾಕುತ್ತದೆ. ಸಿಮ್ವಸ್ಟ್ಯಾಟಿನ್ ಅದರ ಜೊತೆ ಸೇರಿದರೆ ರಕ್ತದಲ್ಲಿ ಅನೇಕ ಪಟ್ಟು ಏರಿ ಮಾಂಸಖಂಡ ಕರಗಿ, ಮೂತ್ರಪಿಂಡ ಕೈಕೊಡಬಹುದು. ಇವೆರಡು ಜೊತೆಯಾಗಲೇಬಾರದು. ಅಟೊರ್ವಸ್ಟ್ಯಾಟಿನ್ ಆದರೆ 20 ಮಿಲಿಗ್ರಾಂ ಮೀರಬಾರದು. ಮೈಕೈ ತೀವ್ರ ನೋವು, ಕಡುಕಂದು ಮೂತ್ರ ಕಂಡರೆ ಸ್ಟ್ಯಾಟಿನ್ ನಿಲ್ಲಿಸಿ ಅಂದೇ ವೈದ್ಯರನ್ನು ನೋಡಿ. ಅಮ್ಲೊಡಿಪಿನ್ ಬಿಪಿ ಮಾತ್ರೆಯ ಬಲವೂ ರಿಟೊನಾವಿರ್ ಜೊತೆ ಹೆಚ್ಚುವುದರಿಂದ ಕಡಿಮೆ ಪ್ರಮಾಣದಿಂದ ಆರಂಭಿಸಬೇಕು. ಕಾಲು ಊದುತ್ತಿದೆಯೇ ಗಮನಿಸಿ.

ತಂಬಾಕು ಬಿಡುವುದಕ್ಕೆ ಸಮನಾದ ಮದ್ದು ಬೇರೊಂದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಯುವ ಊರುಗಳಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಮುದ್ದೆ, ಸೊಪ್ಪಿನ ಸಾರು ಒಳ್ಳೆಯ ಊಟವೇ; ಪಕ್ಕದ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಸಾಕು, ಅದು ಕುಕ್ಕರಹಳ್ಳಿ ಕೆರೆಯ ಏರಿ ಮೇಲಾದರೂ ಸರಿ, ನಾಲೆಯ ಏರಿ ಮೇಲಾದರೂ ಸರಿ.

ಉಸಿರು ಕಟ್ಟಿದರೆ, ಎದೆ ಹಿಂಡಿದರೆ

ಸೋಂಕು ತಡವಾಗಿ ಗೊತ್ತಾಗಿ ಸಿಡಿ4 ತೀರಾ ಇಳಿದವರಲ್ಲಿ ಕಥೆ ಬೇರೆ. ಹೃದಯದ ಸ್ನಾಯು ಸಡಿಲಗೊಳ್ಳಬಹುದು, ಟಿಬಿಯಿಂದ ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಬಹುದು. ಮಲಗಿದರೆ ಉಸಿರು ಕಟ್ಟುವುದು, ಕತ್ತಿನ ನರ ಉಬ್ಬುವುದು, ಕಾಲು ಊತ ಇದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಬೇಕಾಗುತ್ತದೆ.

ಎದೆ ಮೇಲೆ ಕಲ್ಲಿಟ್ಟಂತೆ ಭಾರ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕೂರಬೇಡಿ. 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಅಲ್ಲಿಂದ ಮುಂದೆ ಮೈಸೂರಿನ ಜಯದೇವದಂಥ ಆಸ್ಪತ್ರೆ.

ಕಟ್ಟಿದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕುವ ಹೊತ್ತಿನಲ್ಲಿ ಎಚ್‌ಐವಿಯನ್ನು ಮುಚ್ಚಿಡುವವರಿದ್ದಾರೆ. ಆ ಹೆದರಿಕೆಗೆ ಕಾರಣವಿದೆ, ಆದರೆ ಮುಚ್ಚಿಟ್ಟರೆ ಜೀವಕ್ಕೇ ಕುತ್ತು. ರಿಟೊನಾವಿರ್ ಜೊತೆ ಹೆಪ್ಪು ಕಟ್ಟದಂತೆ ತಡೆಯುವ ಟಿಕಾಗ್ರೆಲಾರ್ ಕೊಟ್ಟರೆ ರಕ್ತಸ್ರಾವದ ಅಪಾಯ. ಅದೇ ಬಗೆಯ ಕ್ಲೊಪಿಡೊಗ್ರೆಲ್ ಕೊಟ್ಟರೆ ಅದರ ಶಕ್ತಿ ಕುಂದಿ ಸ್ಟೆಂಟ್ ಒಳಗೇ ಹೆಪ್ಪು ಕಟ್ಟಬಹುದು. ಇಂಥವರಿಗೆ ಪ್ರಾಸುಗ್ರೆಲ್ ಸೂಕ್ತವೇ ಎಂದು ಹೃದ್ರೋಗ ತಜ್ಞರು ಯೋಚಿಸಬೇಕಾದರೆ ಅವರಿಗೆ ವಿಷಯ ಗೊತ್ತಿರಬೇಕು. ಸೋಂಕಿನ ನೆಪದಲ್ಲಿ ಚಿಕಿತ್ಸೆ ನಿರಾಕರಿಸುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ಗುಟ್ಟು ಕಾಯುವ ಹೊಣೆಯನ್ನೂ ಅದು ಆಸ್ಪತ್ರೆಯ ಮೇಲೆ ಹೊರಿಸಿದೆ. ಗೊಂದಲವಿದ್ದರೆ 1097 ಸಹಾಯವಾಣಿ ಇದೆ. ಎಲ್ಲರೆದುರು ಜೋರಾಗಿ ಹೇಳಬೇಕಿಲ್ಲ. ಪರದೆ ಎಳೆದ ಮೇಲೆ, ಕೆಂಪು ಗೆರೆ ಎಳೆದ ಆ ಚೀಟಿಯನ್ನು ವೈದ್ಯರ ಕೈಗಿಡಿ.