ಮಾಡೆಲ್ ಬಣ್ಣಕ್ಕೆ ಯಾವ ತಿನ್ನರ್? ಏರ್‌ಬ್ರಶ್ ತೊಳೆಯುವುದು ಹೇಗೆ?

ಮಲ್ಪೆಯ ಮೀನುಗಾರಿಕೆ ಬೋಟಿನ ಒಂದು ಪುಟ್ಟ ಮಾಡೆಲ್ ನನ್ನ ಕಪಾಟಿನಲ್ಲಿದೆ. ಅದರ ಕ್ಯಾಬಿನ್ ಗೋಡೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಹಾಗೇ ಉಳಿದಿದೆ. ಸಿಡಿದ ಬಣ್ಣ ಒರೆಸಲು ನೇಲ್ ಪಾಲಿಶ್ ರಿಮೂವರ್ ಹಾಕಿದ್ದೆ. ಅದರಲ್ಲಿ ಅಸಿಟೋನ್ ಇತ್ತು. ಮಾಡೆಲ್ ಪ್ಲಾಸ್ಟಿಕ್ ಸಾಮಾನ್ಯವಾಗಿ ಪಾಲಿಸ್ಟೈರೀನ್, ಅಸಿಟೋನ್ ತಾಗಿದರೆ ಕರಗಿಬಿಡುತ್ತದೆ.

ಹಾಗಾಗಿ ತಿನ್ನರ್, ಅಂದರೆ ಬಣ್ಣ ತೆಳು ಮಾಡುವ ದ್ರವ, ಆರಿಸುವ ಮೊದಲು ಬಣ್ಣದ ಬಾಟಲಿಯ ಲೇಬಲ್ ಓದಿ. ಎನಾಮೆಲ್ ಆದರೆ ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್ ಸಾಕು. ಸೀಮೆಎಣ್ಣೆ ಬೇಡ, ಜಿಡ್ಡು ಉಳಿದು ಬಣ್ಣ ಬೇಗ ಒಣಗುವುದಿಲ್ಲ. ಲ್ಯಾಕರ್‌ಗೆ ಮಾತ್ರ ಎನ್‌ಸಿ (ನೈಟ್ರೋಸೆಲ್ಯುಲೋಸ್) ತಿನ್ನರ್, ಅದೂ ತೆಳ್ಳಗೆ ಹೊಡೆಯಬೇಕು. ದಪ್ಪಗೆ ಹೊಡೆದರೆ ಅದೂ ಪ್ಲಾಸ್ಟಿಕ್ ತಿನ್ನುತ್ತದೆ.

ಎಲ್ಲರೂ ಎಡವುವುದು ಅಕ್ರಿಲಿಕ್‌ನಲ್ಲಿ. ಟಮಿಯಾ ಕಂಪನಿಯ ಅಕ್ರಿಲಿಕ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಚೆನ್ನಾಗಿ ಹೊಂದುತ್ತದೆ. ಅದನ್ನೇ ವಲೇಹೋ ಕಂಪನಿಯದ್ದರಂಥ ನೀರಿನ ಅಕ್ರಿಲಿಕ್‌ಗೆ ಹಾಕಿದರೆ ಹಾಲು ಒಡೆದ ಹಾಗೆ ಗಂಟು ಕಟ್ಟಬಹುದು. ಅದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಅನುಮಾನ ಇದ್ದರೆ ಬಾಟಲಿ ಮುಚ್ಚಳದಲ್ಲಿ ಒಂದೊಂದು ಹನಿ ಕಲಸಿ ಐದು ನಿಮಿಷ ಬಿಡಿ. ಗಂಟು ಕಂಡರೆ ಏರ್‌ಬ್ರಶ್‌ಗೆ (ಗಾಳಿಯಿಂದ ಬಣ್ಣ ಸಿಂಪಡಿಸುವ ಪುಟ್ಟ ಗನ್) ಹಾಕಲೇಬೇಡಿ.

ಬಣ್ಣ, ತಿನ್ನರ್ ಸಮ ಪ್ರಮಾಣದಿಂದ ಶುರು ಮಾಡಿ. ಕಲಸಿದ್ದನ್ನು ಕಲಸುವ ಕಪ್‌ನ ಒಳಗೋಡೆಗೆ ಸವರಿ. ಲೋಟದ ಬದಿಯಲ್ಲಿ ಹಾಲು ಇಳಿದ ಹಾಗೆ ತೆಳು ಪೊರೆ ಬಿಟ್ಟು ಇಳಿದರೆ ಹದ ಬಂತು. ಗಾಳಿಯ ಒತ್ತಡ 15ರಿಂದ 20 ಪಿಎಸ್‌ಐ ಸಾಕಾಗುತ್ತದೆ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಲ್ಯಾಕರ್ ಹೊಡೆಯಬೇಡಿ. ತಿನ್ನರ್ ಬೇಗ ಆರುವಾಗ ಬಣ್ಣ ತಣ್ಣಗಾಗಿ, ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಬೂದಿ ಎರಚಿದಂತೆ ಬೆಳ್ಳಗಾಗುತ್ತದೆ. ನಮ್ಮ ಕರಾವಳಿಯಲ್ಲಿ ಏರ್‌ಬ್ರಶ್‌ಗೆ ಗಾಳಿ ಕೊಡುವ ಕಂಪ್ರೆಸರ್ ಟ್ಯಾಂಕಿನಲ್ಲೂ ನೀರು ಜಾಸ್ತಿ ನಿಲ್ಲುತ್ತದೆ. ಅದನ್ನು ಆಗಾಗ ಬಸಿಯಿರಿ, ಪೈಪಿಗೆ ನೀರು ಹಿಡಿಯುವ ವಾಟರ್ ಟ್ರ್ಯಾಪ್ ಹಾಕಿ.

ಇನ್ನು ತೊಳೆಯುವುದು. ಬಣ್ಣ ಒಣಗುವ ಮೊದಲೇ ಏರ್‌ಬ್ರಶ್‌ನ ಬಣ್ಣದ ಕಪ್ ಒರೆಸಿ, ಅದೇ ಬಣ್ಣದ ತಿನ್ನರ್ ನಾಲ್ಕು ಹನಿ ಹಾಕಿ ಹಳೇ ಬನಿಯನ್ ಬಟ್ಟೆಗೆ ಸ್ಪ್ರೇ ಮಾಡಿ. ನಂತರ ನಾಝಲ್‌ನ ಬಾಯಿಯನ್ನು ಬಟ್ಟೆಯಿಂದ ಮೆತ್ತಗೆ ಮುಚ್ಚಿ ಟ್ರಿಗರ್ ಸ್ವಲ್ಪ ಒತ್ತಿ. ಗಾಳಿ ಹಿಂದಕ್ಕೆ ನುಗ್ಗಿ ಕಪ್ಪಿನಲ್ಲಿ ಗುಳ್ಳೆ ಏಳುತ್ತದೆ, ಒಳಗೆ ಅಂಟಿದ್ದೂ ಹೊರಬರುತ್ತದೆ. ತಿನ್ನರ್ ತಿಳಿಯಾಗುವ ತನಕ ಮಾಡಿ. ಕೊನೆಗೆ ಏರ್‌ಬ್ರಶ್ ಒಳಗಿನ ಸೂಜಿಯನ್ನು ಹಿಂದಿನಿಂದ ಎಳೆದು, ಬುಡದಿಂದ ಮೊನೆಯ ಕಡೆಗೆ ಒರೆಸಿ. ಉಲ್ಟಾ ಒರೆಸಿದರೆ ಮೊನೆ ಬಾಗುತ್ತದೆ.

ಏರ್‌ಬ್ರಶ್‌ನ ರಬ್ಬರ್ ರಿಂಗನ್ನು ಎನ್‌ಸಿ ತಿನ್ನರ್‌ನಲ್ಲಿ ನೆನೆಸಬೇಡಿ, ಊದಿಕೊಳ್ಳುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ಲಿಕ್ವಿಡ್‌ನಿಂದ ಅಕ್ರಿಲಿಕ್ ಬೇಗ ಬಿಡುತ್ತದೆ. ಆದರೆ ಜಾಸ್ತಿ ಹೊತ್ತು ನೆನೆಸಿದರೆ ಲೋಹ ಹಾಳು. ಅದಕ್ಕೆ ಬ್ಲೀಚ್ ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಗ್ಯಾಸ್ ಒಲೆ, ದೇವರ ದೀಪ ಉರಿಯುತ್ತಿರಬಾರದು. ಐಸೊಪ್ರೊಪೈಲ್ ಆವಿ ನಮ್ಮ ಕೋಣೆಯ ಸೆಕೆಗೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬಟ್ಟೆ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ, ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು.

ಕೊಳಕಾದ ತಿನ್ನರನ್ನು ಬಚ್ಚಲಿಗೆ ಸುರಿಯಬೇಡಿ. ಮನೆಮನೆಗೂ ಬಾವಿ ಇರುವ ಊರು ನಮ್ಮದು ಅಲ್ವಾ? ಗಾಜಿನ ಬಾಟಲಿಗೆ ಹಾಕಿ ಮುಚ್ಚಿಡಿ. ಬಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿ ತಿನ್ನರ್ ಮುಂದಿನ ಸಲದ ಮೊದಲ ತೊಳೆತಕ್ಕೆ ಆಗುತ್ತದೆ.